ಅಮ್ಮನ ಸಂಗೀತ ಪಾಠಕ್ಕೆ ಸ್ಟುಡಿಯೋ ಮೈಕ್ ಬೇಕಾ?

ಮೈಸೂರಿನ ಮನೆಯಿಂದ ಅಮ್ಮ ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತಾರೆ. ಲ್ಯಾಪ್‌ಟಾಪ್‌ನಲ್ಲೇ ಇರುವ ಮೈಕ್ ಇನ್ನು ಸಾಲದು. ಹೊಸದು ತರಬೇಕು ಅನ್ನುವುದರಲ್ಲಿ ಜಗಳವಿಲ್ಲ. ಲ್ಯಾಪ್‌ಟಾಪಿಗೆ ನೇರ ಚುಚ್ಚುವ ಯುಎಸ್‌ಬಿ ಮೈಕ್ ತರೋದಾ, ಸ್ಟುಡಿಯೋದವರು ಬಳಸುವ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಪ್ಲಗ್) ಮೈಕ್ ಮತ್ತು ಅದಕ್ಕೊಂದು ಆಡಿಯೋ ಇಂಟರ್‌ಫೇಸ್, ಅಂದರೆ ಮೈಕಿನ ದನಿಯನ್ನು ಜೋರು ಮಾಡಿ, ಅಂಕಿಗಳಾಗಿ ಬದಲಿಸಿ ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ, ತರೋದಾ ಅನ್ನುವುದೇ ಪ್ರಶ್ನೆ.

ಪರ: ಬಿಡಿಬಿಡಿಯಾಗಿ ಇರೋದೇ ಒಳ್ಳೆಯದು (ಅಕ್ಕ)

ಯುಎಸ್‌ಬಿ ಮೈಕ್ ಅಂದರೆ ಒಂದೇ ಡಬ್ಬಿಯೊಳಗೆ ಮೂರು ಸಾಮಾನು. ದನಿ ಹಿಡಿಯುವ ಭಾಗ, ಅದನ್ನು ಜೋರು ಮಾಡುವ ಪ್ರೀಆಂಪ್, ಅಂಕಿಗಳಾಗಿ ಬದಲಿಸುವ ಚಿಪ್. ಒಂದು ಕೆಟ್ಟರೆ ಮೂರೂ ಹೋದ ಹಾಗೆ. ನನ್ನದು ಹಾಗೇ ಹೋಯಿತು. ಕೇಬಲ್ ಚುಚ್ಚುವ ಪುಟ್ಟ ತೂತು ಸಡಿಲವಾಯಿತು. ಕೇಬಲನ್ನು ಸ್ವಲ್ಪ ಓರೆಯಾಗಿ ಹಿಡಿದು ರಬ್ಬರ್ ಬ್ಯಾಂಡ್ ಸುತ್ತಿದರೆ ಮಾತ್ರ ಕೆಲಸ ಮಾಡುತ್ತಿತ್ತು. ರಿಪೇರಿಗೆ ಒಯ್ದರೆ ಬೋರ್ಡ್ ಸಿಗಲ್ಲ, ಹೊಸದೇ ತಗೊಳ್ಳಿ ಅಂದರು. ಮೈಕ್‌ನ ಕಿವಿ ಚೆನ್ನಾಗಿಯೇ ಇತ್ತು. ಆದರೂ ಎಸೆಯಬೇಕಾಯಿತು.

ಎಕ್ಸ್‌ಎಲ್‌ಆರ್‌ನದ್ದು ಗಟ್ಟಿಯಾದ ಮೂರು ಪಿನ್. ಚುಚ್ಚಿದರೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಒಂದು ಪಿನ್ ಗ್ರೌಂಡ್. ಉಳಿದ ಎರಡು ತಂತಿಗಳಲ್ಲಿ ಅದೇ ದನಿ ಒಂದಕ್ಕೊಂದು ತಿರುಗುಮುರುಗಾಗಿ ಹೋಗುತ್ತದೆ. ದಾರಿಯಲ್ಲಿ ಸೇರಿಕೊಳ್ಳುವ ಕರೆಂಟಿನ ಗುಂಯ್ ಸದ್ದು ಮಾತ್ರ ಎರಡರಲ್ಲೂ ಒಂದೇ ರೀತಿ ಬರುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗುಂಯ್ ಸದ್ದು ಅಳಿದು ದನಿ ಉಳಿಯುತ್ತದೆ. ಅದಕ್ಕೇ ಸಭೆಗಳಲ್ಲಿ ಅಷ್ಟುದ್ದ ಕೇಬಲ್ ಎಳೆದರೂ ತೊಂದರೆಯಿಲ್ಲ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟಿದರೆ ನೆಚ್ಚಿಕೊಳ್ಳೋ ಹಾಗಿಲ್ಲ.

ಬಾಳಿಕೆಯ ಮಾತಿಗೆ ಬಂದರೆ, ಶೂರ್ ಎಸ್‌ಎಂ58 ಮೈಕ್ 1966ರಲ್ಲಿ ಬಂದದ್ದು. ಇವತ್ತಿಗೂ ಹೊಸದು ಸಿಗುತ್ತದೆ. ಮೇಲಿನ ಜಾಲರಿ ಜಜ್ಜಿಹೋದರೆ ಜಾಲರಿ ಮಾತ್ರ ಬದಲಿಸಬಹುದು, ಒಳಗಿನ ಕಾರ್ಟ್ರಿಜ್ (ದನಿ ಹಿಡಿಯುವ ಭಾಗ) ಹೋದರೆ ಅದನ್ನಷ್ಟೇ ಬದಲಿಸಬಹುದು. ನಕಲಿಗಳು ಬಹಳ ಇವೆ, ಅಧಿಕೃತ ಅಂಗಡಿಯಲ್ಲೇ ಬಿಲ್ ಹಾಕಿಸಿ ತಗೊಳ್ಳಬೇಕು.

ನನಗೆ ಮುಖ್ಯವಾದದ್ದು ಬೇರೆಯೇ ಇದೆ. ಅಮ್ಮನ ಹತ್ತಿರ ಅವರ ಗುರುಗಳಿಂದ ಕಲಿತ ದೇವರನಾಮಗಳಿವೆ. ಇಳಿ ಮಧ್ಯಾಹ್ನ ಒಬ್ಬರೇ ಹಾಡಿಕೊಳ್ಳುತ್ತಾರೆ. ಅವುಗಳನ್ನು ಮೃದಂಗದ ಜೊತೆ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು. ಒಂದೇ ಕಂಪ್ಯೂಟರಿಗೆ ಎರಡು ಯುಎಸ್‌ಬಿ ಮೈಕ್ ಹಾಕಿದರೆ ಎರಡರ ಒಳಗಿನ ಗಡಿಯಾರ ಹೊಂದುವುದಿಲ್ಲ, ದನಿಗಳು ನಿಧಾನವಾಗಿ ಹಿಂದುಮುಂದಾಗುತ್ತವೆ, ಹೊಂದಿಸಲು ಬೇರೆ ಸರ್ಕಸ್ ಬೇಕು. ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್ ಇದ್ದರೆ ಅಮ್ಮನಿಗೊಂದು, ಮೃದಂಗಕ್ಕೊಂದು. ಈಗ ಹೇಗಾದರೂ ದುಡ್ಡು ಹಾಕುತ್ತೇವಲ್ಲ, ಅದಕ್ಕೂ ಆಗುವಂಥದ್ದೇ ತರೋಣ.

ವಿರೋಧ: ತೊಂದರೆ ಮೈಕಿನದ್ದಲ್ಲ (ತಮ್ಮ)

ಅಕ್ಕ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವಳು ಅಮ್ಮನ ಪಾಠ ಆ ಕಡೆಯಿಂದ ಕೇಳಿಲ್ಲ. ನಾನು ಕೇಳಿದೆ. ಬೆಳಿಗ್ಗೆ ಆರಕ್ಕೆ ಪಾಠ, ನ್ಯೂಜೆರ್ಸಿಯ ಮಕ್ಕಳಿಗೆ ಆಗ ಹಿಂದಿನ ದಿನದ ರಾತ್ರಿ. ನಾನು ಪಕ್ಕದ ಕೋಣೆಯಲ್ಲಿ ಇನ್ನೊಂದು ಫೋನಿನಿಂದ ಸೇರಿಕೊಂಡು ಇಯರ್‌ಫೋನ್ ಹಾಕಿ ಕೂತೆ. ಶ್ರುತಿಪೆಟ್ಟಿಗೆ ಶುರುವಾಯಿತು. ಎರಡು ಮೂರು ಸೆಕೆಂಡು ತಂಬೂರಿ ಕೇಳಿಸಿತು, ಆಮೇಲೆ ಮಾಯ. ಅಮ್ಮ ಹಾಡಿದಾಗ ಚೂರು ಚೂರು ಬಂದು ಮತ್ತೆ ಮುಳುಗಿತು. ದೀರ್ಘವಾಗಿ ಹಿಡಿದ ಷಡ್ಜವೂ ಕೊನೆಯಲ್ಲಿ ನಡುಗುತ್ತಿತ್ತು.

ಅದು ಮೈಕಿನ ತಪ್ಪಲ್ಲ. ಮೀಟಿಂಗ್ ತಂತ್ರಾಂಶಗಳು ಮಾತಿಗಾಗಿ ಮಾಡಿದವು. ಏರಿಳಿತವಿಲ್ಲದೆ ಒಂದೇ ಸಮ ಬರುವ ಸದ್ದು ಫ್ಯಾನಿನದ್ದೋ ಎಸಿಯದ್ದೋ ಅಂತ ತಿಳಿದು ಒರೆಸಿಹಾಕುತ್ತವೆ. ತಂಬೂರಿಯೂ ಒಂದೇ ಸಮ ಬರುವ ಸದ್ದೇ, ಅಲ್ವಾ? ಎಷ್ಟೇ ದೊಡ್ಡ ಮೈಕ್ ತಂದರೂ ಅದು ಹಿಡಿದ ತಂಬೂರಿಯನ್ನು ಈ ತಂತ್ರಾಂಶ ಅಳಿಸುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್’ ಅಂತ ಒಂದು ಆಯ್ಕೆಯಿದೆ. ಅದನ್ನು ಆನ್ ಮಾಡಿದ ದಿನ, ಅದೇ ಹಳೆ ಲ್ಯಾಪ್‌ಟಾಪ್ ಮೈಕಿನಲ್ಲೇ ತಂಬೂರಿ ನಿಂತಿತು. ಖರ್ಚು ಏನೂ ಇಲ್ಲ.

ಆದರೆ ತಂಬೂರಿಯ ಜೊತೆಗೆ ಮನೆಯೂ ಕೇಳಿಸತೊಡಗಿತು. ಫ್ಯಾನು, ಕುಕ್ಕರಿನ ಸೀಟಿ, ಬೀದಿಯಲ್ಲಿ ಸೊಪ್ಪಿನವಳ ಕೂಗು. ಬರಿಗೋಡೆ, ಮೊಸಾಯಿಕ್ ನೆಲ, ದನಿ ಡಬ್ಬಿಯೊಳಗಿಂದ ಬಂದ ಹಾಗೆ. ಸ್ಟುಡಿಯೋದ ಕಂಡೆನ್ಸರ್ ಮೈಕ್ ಬಲು ಸೂಕ್ಷ್ಮ. ಇದನ್ನೆಲ್ಲ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಎಸ್‌ಎಂ58ನಂಥ ಡೈನಾಮಿಕ್ ಮೈಕ್ ಸುತ್ತಲಿನ ಸದ್ದು ಕಡಿಮೆ ಹಿಡಿಯುತ್ತದೆ, ಒಪ್ಪಿದೆ. ಆದರೆ ಬಾಯಿ ಅದರ ಹತ್ತಿರವೇ ಇರಬೇಕು. ಅಮ್ಮ ತಾಳ ಹಾಕುತ್ತಾ, ತಲೆದೂಗುತ್ತಾ, ಮಧ್ಯೆ ಪುಸ್ತಕದ ಕಡೆ ಬಗ್ಗುತ್ತಾ ಹಾಡುವವರು. ಒಂದು ಗೇಣು ಆಚೆ ಹೋದರೆ ದನಿ ಇಳಿಯುತ್ತದೆ. ಅದಕ್ಕೆ ಗೇನ್, ಅಂದರೆ ಮೈಕಿನ ದನಿಯನ್ನು ಜೋರು ಮಾಡುವ ಮಟ್ಟ, ಏರಿಸಿದರೆ ಅಗ್ಗದ ಇಂಟರ್‌ಫೇಸ್‌ನಲ್ಲಿ ಸುಯ್ ಅನ್ನುವ ಸದ್ದು ಏಳುತ್ತದೆ.

ಕೊಳ್ಳುವ ಮೊದಲು ವಾರಗಟ್ಟಲೆ ವಿಡಿಯೋ ವಿಮರ್ಶೆ ನೋಡಿದೆ. ಮುಕ್ಕಾಲುಪಾಲು ವಿಮರ್ಶೆಗಳು ಫೋಮ್ ಅಂಟಿಸಿದ ಕೋಣೆಯಲ್ಲಿ ಗಂಡಸೊಬ್ಬರು ಮಾತಾಡುವುದೇ. ತಂಬೂರಿ ಇಟ್ಟು ಗಮಕ ಹಾಡಿ ತೋರಿಸಿದ್ದು ನನಗೆ ಒಂದೂ ಸಿಗಲಿಲ್ಲ. ಪೆಟ್ಟಿಗೆಯ ಮೇಲಿನ ಅಂಕಿಗಳೂ ದಾರಿ ತೋರಿಸಲ್ಲ. ಎಷ್ಟು ತಗ್ಗಿನ ದನಿಯಿಂದ ಎಷ್ಟು ಏರಿನ ದನಿಯವರೆಗೆ ಹಿಡಿಯುತ್ತದೆ ಅನ್ನುವುದಕ್ಕೆ ಎಷ್ಟೋ ಅಗ್ಗದ ಮೈಕ್‌ಗಳ ಮೇಲೆ 20ರಿಂದ 20,000 ಹರ್ಟ್ಜ್ ಅಂತ ಇರುತ್ತದೆ. ಎಸ್‌ಎಂ58ರದ್ದು 50ರಿಂದ 15,000. ಅಂಕಿ ನೋಡಿ ತಗೊಳ್ಳುವವರು ಅಗ್ಗದ್ದನ್ನೇ ಮೇಲು ಅಂದುಕೊಳ್ಳುತ್ತಾರೆ.

ಇನ್ನು ಉದ್ದ ಕೇಬಲ್. ಅಮ್ಮ ಕೂರುವುದು ಲ್ಯಾಪ್‌ಟಾಪಿಂದ ಎರಡು ಮೊಳ ದೂರದಲ್ಲಿ. ಇಂಟರ್‌ಫೇಸ್ ತಂದರೆ ಗೇನ್ ಗುಂಡಿ, ಕಂಡೆನ್ಸರ್ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟಿನ ಸ್ವಿಚ್, ಯಾವ ಇನ್‌ಪುಟ್ ಅನ್ನುವ ಗೊಂದಲ. ನಾನು ಬೆಂಗಳೂರಿನಲ್ಲಿ, ಅಕ್ಕ ಅವಳ ಮನೆಯಲ್ಲಿ. ಬೆಳಿಗ್ಗೆ ಆರಕ್ಕೆ ದನಿ ಬರದಿದ್ದರೆ ಆ ಕಡೆ ಮಗು ಕಾಯುತ್ತಾ ಕೂರುತ್ತದೆ, ಈ ಕಡೆ ಅಮ್ಮ ಗಾಬರಿಯಾಗುತ್ತಾರೆ. ಚುಚ್ಚಿದರೆ ಕೆಲಸ ಮಾಡಬೇಕು, ಅಷ್ಟೇ ಅವರಿಗೆ ಬೇಕಾದದ್ದು. ಆ ಮಗು ಕೇಳುವುದಾದರೂ ಟ್ಯಾಬ್‌ನ ಪುಟ್ಟ ಸ್ಪೀಕರಿನಲ್ಲಿ.

ಒಂದು ಮಧ್ಯಮ ಬೆಲೆಯ ಯುಎಸ್‌ಬಿ ಮೈಕ್ ತರೋಣ. ಕೇಬಲನ್ನು ಪದೇಪದೇ ಕಿತ್ತು ಚುಚ್ಚದೆ ಸ್ಟ್ಯಾಂಡಿಗೆ ಕಟ್ಟಿಡೋಣ, ಅಕ್ಕನ ಮೈಕಿಗೆ ಆದದ್ದು ಇದಕ್ಕೆ ಆಗದಿರಲಿ. ಉಳಿದ ದುಡ್ಡಲ್ಲಿ ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ. ದೇವರನಾಮದ ರೆಕಾರ್ಡಿಂಗ್ ನನಗೂ ಬೇಕು. ಮೃದಂಗದವರು ಬರುವ ದಿನ ಗೊತ್ತಾಗಲಿ, ಅವತ್ತಿಗೆ ಅಕ್ಕ ಹೇಳಿದ ಎರಡು ಮೈಕ್, ಇಂಟರ್‌ಫೇಸ್ ಎಲ್ಲವನ್ನೂ ಬಾಡಿಗೆಗೆ ತಂದು ನಾನೇ ಕೂತು ಮಾಡಿಕೊಡುತ್ತೇನೆ.