ಕಾಲು ಗಟ್ಟಿ ಇದ್ದವರೇ ಮೊದಲು ಮಲಗೋದು

ಮೊದಲು ಒಂದು ಲೆಕ್ಕ. ಕೊಡಚಾದ್ರಿ 1,343 ಮೀಟರ್. ಮುಳ್ಳಯ್ಯನಗಿರಿ 1,930 ಮೀಟರ್. ಅದಕ್ಕಿಂತ ಮೇಲೆ ಹತ್ತೋಣ ಅಂದರೆ ಕರ್ನಾಟಕದಲ್ಲಿ ಜಾಗವೇ ಇಲ್ಲ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ರೈಥಲ್ ಅಂತ ಒಂದು ಊರಿದೆ. ದಯಾರಾ ಬುಗ್ಯಾಲ್‌ಗೆ ನಡಿಗೆ ಶುರುವಾಗೋದು ಅಲ್ಲಿಂದ (ಬುಗ್ಯಾಲ್ ಅಂದರೆ ಬೆಟ್ಟದ ಮೇಲಿನ ಹುಲ್ಲುಗಾವಲು). ಆ ಊರಿನ ಎತ್ತರ ಹೆಚ್ಚುಕಡಿಮೆ 2,150 ಮೀಟರ್. ಅಲ್ಲಿ ಹೆಂಗಸರು ಹುಲ್ಲಿನ ಹೊರೆ ಹೊತ್ತು ಓಡಾಡುತ್ತಾರೆ, ಅಂಗಳದಲ್ಲಿ ರಾಜ್ಮಾ ಒಣಗಿಸುತ್ತಾರೆ. ನಮ್ಮ ರಾಜ್ಯದ ನೆತ್ತಿ ಮುಗಿದು ಇನ್ನೂರು ಮೀಟರ್ ಮೇಲಕ್ಕೆ ಹೋದ ಮೇಲೆ ಆ ನಡಿಗೆಯ ಮೊದಲ ಹೆಜ್ಜೆ.

ಇದನ್ನು ಮೊದಲೇ ಹೇಳೋಕೆ ಕಾರಣ ಇದೆ. ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದು ಕೈಗೆ ಸ್ವಲ್ಪ ದುಡ್ಡು, ಬಿಡುವು ಎರಡೂ ಬಂತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಿಮಾಲಯದ ಮಾತು ಶುರುವಾಗುತ್ತೆ. ಜೊತೆಗೆ ಇನ್ನೊಂದು ಮಾತೂ ಬಂದೇ ಬರುತ್ತೆ: "ನಮಗೇನು ಮಾರಾಯ, ಗುಡ್ಡ ಹತ್ತೋದು ಹೊಸದಾ?" ನನ್ನ ತಕರಾರು ಇರೋದು ಈ ಮಾತಿನ ಮೇಲೆ. ಮಲೆನಾಡಿನವರಿಗೆ ಅಲ್ಲಿ ಉಪಯೋಗಕ್ಕೆ ಬರುವ ವಿದ್ಯೆ ಖಂಡಿತ ಇದೆ, ಆದರೆ ಅದು ಕಾಲಿನದಲ್ಲ. ಮಳೆಯಲ್ಲಿ ಮೈ ನೆನೆಯದೆ ಇರೋ ವಿದ್ಯೆ. ನಾವು ಕಾಲನ್ನು ನಂಬಿ ಹೋಗ್ತೀವಿ, ಆ ವಿದ್ಯೆಯನ್ನು ಮನೆಯಲ್ಲೇ ಬಿಟ್ಟು ಹೋಗ್ತೀವಿ.

ಕಾಲಿನ ವಿಷಯ ಮೊದಲು ಮುಗಿಸೋಣ. ಒಂದು ಅಡಿಕೆ ಮರದಿಂದ ಇನ್ನೊಂದು ಮರಕ್ಕೆ ಜೀಕುವ ಕೊನೆಗಾರನ ತೊಡೆಗೂ, ಕಂಪ್ಯೂಟರ್ ಮುಂದೆ ಕೂರುವವನ ತೊಡೆಗೂ ಹೋಲಿಕೆಯೇ ಇಲ್ಲ, ನಿಜ. ಆದರೆ 3,700 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ. 21 ಇದೆ, ಒಂದೊಂದು ಉಸಿರಿಗೆ ಒಳಗೆ ಹೋಗೋ ಗಾಳಿಯೇ ತೆಳು. ಇದಕ್ಕೆ ಹೊಂದಿಕೊಳ್ಳೋ ಕೆಲಸ ತೊಡೆಯದ್ದಲ್ಲ, ಶ್ವಾಸಕೋಶ, ಮೂತ್ರಪಿಂಡ, ರಕ್ತದ್ದು. ಅವಕ್ಕೆ ಬೇಕಾಗಿರೋದು ದಿನಗಳು. ಗಟ್ಟಿ ಕಾಲಿನವನು ಕೊಡಚಾದ್ರಿ ಹತ್ತಿದ ಹಾಗೆ ಬಿರಬಿರನೆ ಹೋಗಿ ಕ್ಯಾಂಪಿಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಮುಟ್ಟುತ್ತಾನೆ, ಬೆವೆತ ಅಂಗಿಯಲ್ಲೇ ಕೂತು ಸೆಲ್ಫಿ ತೆಗೆಯುತ್ತಾನೆ, ಸಂಜೆ ಹೊತ್ತಿಗೆ ತಲೆ ಹಿಡಿದುಕೊಂಡು ಟೆಂಟಿನೊಳಗೆ ಮಲಗುತ್ತಾನೆ. ಹಿಂದೆ ತೆವಳುತ್ತಾ ಬಂದ ಐವತ್ತೈದರ ಮೇಷ್ಟ್ರು ಎರಡನೇ ಸಲ ಸೂಪ್ ಕೇಳುತ್ತಿರುತ್ತಾರೆ.

ನಡೆಯೋ ವೇಗಕ್ಕೆ ಒಂದೇ ಅಳತೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು. ಮಧ್ಯೆ ಉಸಿರಿಗೆ ನಿಲ್ಲಿಸಬೇಕಾಯ್ತು ಅಂದರೆ ವೇಗ ಜಾಸ್ತಿ. ಕಡಿದಾದ ಕಡೆ ಹಿಂದಿನ ಕಾಲನ್ನು ನೆಟ್ಟಗೆ ಮಾಡಿ, ಮೈಭಾರವನ್ನು ಒಂದು ಕ್ಷಣ ಮೂಳೆಯ ಮೇಲೆ ಬಿಟ್ಟು, ಆಮೇಲೆ ಮುಂದಿನ ಹೆಜ್ಜೆ. ನೋಡೋಕೆ ಸೋಮಾರಿ ನಡಿಗೆ. ಊರಲ್ಲಿ ಅಭ್ಯಾಸ ಮಾಡೋದಾದರೂ ಇದನ್ನೇ ಮಾಡಿ. ಬೆನ್ನಿಗೆ ಎಂಟು ಕೆ.ಜಿ. ಹಾಕಿಕೊಂಡು, ಯಾವ ಗುಡ್ಡ ಹತ್ತಿರವೋ ಅದನ್ನು, ನಿಲ್ಲದೆ, ನಿಧಾನಕ್ಕೆ, ವಾರಕ್ಕೆ ಎರಡು ಸಲ, ಎರಡು ತಿಂಗಳು. ಇಳಿಯೋದನ್ನೂ ಸೇರಿಸಿ. ಮಂಡಿ ಕೈಕೊಡೋದು ಇಳಿಜಾರಿನಲ್ಲೇ.

ಮೊದಲ ಸಲ ಹೋಗೋರಿಗೆ ದಯಾರಾ ಒಳ್ಳೇದು ಅಂತ ನಾನು ಹೇಳೋದು ಅದರ ಚೆಂದಕ್ಕಲ್ಲ, ಅದರ ಎತ್ತರದ ಲೆಕ್ಕಕ್ಕೆ. ರೈಥಲ್‌ನಲ್ಲಿ ಒಂದು ದಿನ ಸುಮ್ಮನೆ ಇರಿ. ಮಾರನೆಯ ದಿನ ಕಾಡೊಳಗೆ ಹತ್ತಿ 2,900ರ ಆಸುಪಾಸಿನ ಗೂಯಿಯಲ್ಲಿ ಮಲಗೋದು. ಆಮೇಲೆ ಬುಗ್ಯಾಲ್ ದಾಟಿ ಬಕರಿಯಾ ಟಾಪ್‌ವರೆಗೆ, ಅಂದರೆ 3,700ರ ಆಸುಪಾಸಿಗೆ ಹತ್ತಿ, ಅದೇ ದಿನ ಮತ್ತೆ ಕೆಳಗೆ ಬಂದು ಮಲಗೋದು. ಹಗಲು ಎತ್ತರಕ್ಕೆ ಹೋದರೂ ರಾತ್ರಿ ತಗ್ಗಿನಲ್ಲೇ. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಅನ್ನೋದು ಪರ್ವತ ವೈದ್ಯರ ನಿಯಮ. ರಜೆ ಕಡಿಮೆ ಅಂತ ಈ ನಿಯಮವನ್ನು ಗಾಳಿಗೆ ತೂರೋ ಪ್ಯಾಕೇಜ್‌ಗಳು ಬೇಕಾದಷ್ಟಿವೆ.

ತಲೆನೋವಿನ ಜೊತೆ ವಾಕರಿಕೆ, ಊಟ ಬೇಡ ಅನ್ನಿಸೋದು, ತಲೆ ಸುತ್ತು, ವಿಪರೀತ ಸುಸ್ತು, ಇವುಗಳಲ್ಲಿ ಯಾವುದಾದರೂ ಸೇರಿದರೆ ಅದು ಎತ್ತರದ ಕಾಯಿಲೆ ಅಂತಲೇ ತಿಳಿಯಬೇಕು. "ಬಸ್ಸಲ್ಲಿ ಬಂದಿದ್ದಕ್ಕೆ ಪಿತ್ತ" ಅಂತ ಲಿಂಬೆಹಣ್ಣು ಮೂಸುತ್ತಾ ಕೂತರೆ ಆಗಲ್ಲ. ಆ ದಿನ ಮೇಲಕ್ಕೆ ಹೋಗೋ ಹಾಗಿಲ್ಲ. ಜಾಸ್ತಿ ಆಯ್ತು ಅಂದರೆ ಇಳಿಯಬೇಕು, ರಾತ್ರಿಯಾದರೂ ಸರಿ. ಪರೀಕ್ಷೆ ಸುಲಭ. ಗದ್ದೆಯ ಬದುವಿನ ಮೇಲೆ ನಡೆಯೋ ಹಾಗೆ, ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನೇರಕ್ಕೆ ನಡೆಸಿ. ತೂರಾಡಿದರೆ ಮಿದುಳಿನಲ್ಲಿ ಊತ ಶುರುವಾಗಿದೆ ಅಂತ ಅರ್ಥ, ಚರ್ಚೆಗೆ ಸಮಯ ಇಲ್ಲ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು. ಎರಡಕ್ಕೂ ಔಷಧ ಅಂದರೆ ಮೊದಲು ಇಳಿಯೋದು, ಆಮೇಲೆ ಉಳಿದದ್ದು. ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರನ್ನು ಅತಿಯಾಗಿ ನಂಬಬೇಡಿ. ಬೆರಳು ತಣ್ಣಗಿದ್ದರೆ ಅದು ಸುಳ್ಳು ಹೇಳುತ್ತೆ. ಕೈ ಉಜ್ಜಿ ಬಿಸಿ ಮಾಡಿ ನೋಡಬೇಕು. ಎತ್ತರದ ಕಾಯಿಲೆಗೆ ಕೊಡೋ ಡೈಮಾಕ್ಸ್ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಿ. ತಡೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಎತ್ತರಕ್ಕೆ ಹೋಗೋ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಬೆರಳು ಜುಮ್ಮೆನ್ನೋದು, ಪದೇ ಪದೇ ಮೂತ್ರಕ್ಕೆ ಏಳೋದು ಅದರ ಸಹಜ ಗುಣ, ಹೆದರಬೇಕಿಲ್ಲ.

ಯಾವಾಗ ಹೋಗೋದು? ಫೋಟೋದಲ್ಲಿ ಹಸಿರು ಹೊದಿಕೆ ನೋಡಿ ಮೇ ತಿಂಗಳಿಗೆ ಬುಕ್ ಮಾಡೋರೇ ಹೆಚ್ಚು. ಮೇ ಅಂದರೆ ಅಲ್ಲಿ ಹಿಮ ಆಗಷ್ಟೇ ಕರಗಿ ಹುಲ್ಲು ಕಂದು ಬಣ್ಣದಲ್ಲಿ ಮಲಗಿರೋ ಕಾಲ, ಅಲ್ಲಲ್ಲಿ ಸಣ್ಣ ಹೂ. ಗಾಢ ಹಸಿರು ಬರೋದು ಜುಲೈ–ಆಗಸ್ಟ್‌ನಲ್ಲಿ, ಆಗ ಮಳೆ, ಮಂಜು, ಗುಡ್ಡ ಕುಸಿದು ಬಂದ್ ಆಗೋ ರಸ್ತೆ, ಜೊತೆಗೆ ಇಂಬಳವೂ ಉಂಟು. ಅದೆಲ್ಲ ನೋಡಬೇಕಾದರೆ ಆಗುಂಬೆಯಲ್ಲಿ ಇಲ್ಲವೇ? ಬಂದರ್‌ಪೂಂಛ್, ಶ್ರೀಕಂಠ ಶಿಖರಗಳು ನಿಚ್ಚಳವಾಗಿ ಕಾಣೋದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ಆಗ ಹುಲ್ಲು ಬಂಗಾರದ ಬಣ್ಣ. ಆದರೆ ತೋಟ ಇರೋರಿಗೆ ಅದು ಕೊಯ್ಲಿನ ಹೊತ್ತು. ಹಾಗಾಗಿ ಬಹಳ ಜನರಿಗೆ ಉಳಿಯೋದು ಮೇ ತಿಂಗಳೇ, ಮುಂಗಾರಿಗೆ ಮುಂಚೆ ಅಡಿಕೆಗೆ ಹೊಡೆಯೋ ಬೋರ್ಡೋ ಔಷಧಿಯ ಸಿಂಪಡಣೆಗೆ ಮನೆ ಸೇರೋ ಹಾಗೆ. ಹಸಿರು ಸಿಗಲ್ಲ ಅಂತ ತಿಳಿದೇ ಹೋಗಿ.

ಕಾಡಿನ ಭಾಗವನ್ನು ಮಾತ್ರ ಬೇಗ ದಾಟಬೇಡಿ. ಕೆಳಗೆ ಓಕ್, ಬುರಾಂಶ್, ಮೇಪಲ್. ಮೇಲೆ ಹೋದಂತೆ ಫರ್. ಆಮೇಲೆ ಮರ ಒಮ್ಮೆಲೇ ನಿಂತುಹೋಗಿ ಹುಲ್ಲು. ಊರಿನ ಹತ್ತಿರದ ಓಕ್ ಮರ ನೋಡಿದರೆ ನಮ್ಮ ಸೊಪ್ಪಿನಬೆಟ್ಟ ನೆನಪಾಗುತ್ತೆ. ರೆಂಬೆ ಕಡಿದು ಕಡಿದು ಮರವೆಲ್ಲ ಕಂಬ, ತುದಿಯಲ್ಲಿ ಮಾತ್ರ ಒಂದು ಹಿಡಿ ಎಲೆ. ಅಲ್ಲೂ ಸೊಪ್ಪು ದನಕ್ಕೆ, ದರಗು ಕೊಟ್ಟಿಗೆಗೆ, ಕೊಟ್ಟಿಗೆಯದು ಹೊಲಕ್ಕೆ. ಬೇಸಿಗೆಯಲ್ಲಿ ಊರಿನ ದನ ಬುಗ್ಯಾಲ್ ಹತ್ತುತ್ತವೆ, ಜನ ಛಾನಿ ಅನ್ನೋ ಕಲ್ಲು–ಮರದ ಗುಡಿಸಲಲ್ಲಿ ಇರುತ್ತಾರೆ. ಆಗಸ್ಟ್ ಮಧ್ಯದ ಸಂಕ್ರಾಂತಿಗೆ ರೈಥಲ್‌ನವರು ಮೇಲೆ ಸೇರಿ ಬೆಣ್ಣೆ, ಮಜ್ಜಿಗೆ ಎರಚಾಡಿ ಅಂಡೂಡಿ ಹಬ್ಬ ಮಾಡುತ್ತಾರೆ. ದೀಪಾವಳಿಗೆ ಗೋಪೂಜೆ ಮಾಡೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಲ್ಲುಗಾವಲಿನ ವಿಷಯಕ್ಕೆ ಬಂದರೆ ಒಂದು ದೂರು ಪದೇ ಪದೇ ಕೇಳಿಬರುತ್ತೆ: "ಅಷ್ಟು ದುಡ್ಡು ಕೊಟ್ಟರೂ ಬುಗ್ಯಾಲ್ ಮೇಲೆ ಟೆಂಟ್ ಹಾಕಲಿಲ್ಲ, ಕಾಡಲ್ಲಿ ಮಲಗಿಸಿದರು." ಹಾಕಬಾರದು. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಆಲಿ–ಬೇದಿನಿ ಬುಗ್ಯಾಲ್‌ಗಳ ಪ್ರಕರಣದಲ್ಲಿ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗೋದನ್ನು ನಿಷೇಧಿಸಿತು, ದಿನಕ್ಕೆ 200 ಜನರ ಮಿತಿಯನ್ನೂ ಹಾಕಿತು. ನನ್ನ ಪ್ರಕಾರ ಸರಿಯಾದ ತೀರ್ಪು. ಆ ಹುಲ್ಲಿನ ಕೆಳಗೆ ಇರೋದು ತೆಳ್ಳನೆಯ ಮಣ್ಣು, ಅದನ್ನು ಹಿಡಿದಿಟ್ಟಿರೋದು ಬೇರಿನ ಚಾಪೆ. ವರ್ಷದಲ್ಲಿ ತಿಂಗಳುಗಟ್ಟಲೆ ಹಿಮದಡಿ, ಬೆಳೆಯೋಕೆ ಸಿಗೋದು ನಾಲ್ಕೈದು ತಿಂಗಳು. ಟೆಂಟ್ ಸುತ್ತ ಮಳೆನೀರಿಗೆ ಅಂತ ಗುದ್ದಲಿಯಲ್ಲಿ ಎಳೆದ ಒಂದು ಗೇಣು ಕಾಲುವೆ ಸಾಕು. ಮುಂದಿನ ವರ್ಷ ಹಿಮದ ನೀರು ಅದೇ ಗೀರಿನಲ್ಲಿ ಹರಿದು ಮೊಣಕಾಲುದ್ದದ ಕೊರಕಲು. ದಾರಿ ಕೆಸರಾಯ್ತು ಅಂತ ಪಕ್ಕದ ಹುಲ್ಲಿನ ಮೇಲೆ ನಡೆದರೆ ಒಂದು ದಾರಿ ನಾಲ್ಕಾಗುತ್ತೆ. ದಯಾರಾದಲ್ಲಿ ಹೀಗೆ ಕೊರೆದುಹೋದ ಜಾಗಗಳಿಗೆ ಅರಣ್ಯ ಇಲಾಖೆ ತೆಂಗಿನ ನಾರಿನ ಜಾಲ ಹಾಸಿ, ಪೈನ್ ಎಲೆ ತುಂಬಿದ ತಡೆಗಳನ್ನು ಇಟ್ಟು ಮಣ್ಣು ನಿಲ್ಲಿಸಬೇಕಾಯ್ತು. ಕೊಡಚಾದ್ರಿಯ ಜೀಪ್ ದಾರಿ ನೋಡಿದವರಿಗೆ ಇದು ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು? ಕೆಸರಿನ ದಾರಿಯಲ್ಲೇ ನಡೀರಿ, ಬೂಟು ತೊಳೆಯಬಹುದು.

ಇನ್ನು ಮೈ ನೆನೆಯೋ ವಿಷಯ. 2024ರ ಜೂನ್ ಮೊದಲ ವಾರ ಇದೇ ಉತ್ತರಕಾಶಿ ಭಾಗದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋದ ತಂಡದ 9 ಜನ ತೀರಿಕೊಂಡರು. ಜೂನ್ ಅಂದರೆ ಅಲ್ಲಿ ಬೇಸಿಗೆ. ಅಲ್ಲಿನ ಹವಾಮಾನದ ರೂಢಿ ನಮ್ಮದಲ್ಲ. ನಮ್ಮಲ್ಲಿ ಮಳೆ ಹಿಡಿದರೆ ಮೂರು ದಿನ. ಅಲ್ಲಿ ಬೆಳಿಗ್ಗೆ ನೀಲಿ ಆಕಾಶ, ಹನ್ನೆರಡು ದಾಟಿದ ಮೇಲೆ ಮೋಡ, ಎರಡಕ್ಕೆ ಆಲಿಕಲ್ಲು, ಸಿಡಿಲು. ಆದ್ದರಿಂದ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಎರಡರೊಳಗೆ ಬಯಲು ಬಿಟ್ಟು ಇಳಿದಿರಬೇಕು. ಬಯಲಲ್ಲಿ ಸಿಡಿಲು ಬಂದರೆ ದಿಬ್ಬದಿಂದ ಇಳಿದು, ಕೋಲುಗಳನ್ನು ದೂರ ಇಟ್ಟು, ಬ್ಯಾಗಿನ ಮೇಲೆ ಕುಕ್ಕರಗಾಲಲ್ಲಿ ಕೂರೋದು. ಒಂಟಿ ಮರದಡಿ ಬೇಡ.

ಮೈ ಒದ್ದೆ, ಮೇಲೆ ಗಾಳಿ: ಸೊನ್ನೆಗಿಂತ ಮೇಲಿನ ತಾಪದಲ್ಲೂ ಇವೆರಡು ಸೇರಿದರೆ ಮನುಷ್ಯ ತಣ್ಣಗಾಗುತ್ತಾನೆ. ಮೊದಲು ನಡುಕ, ಆಮೇಲೆ ಜಿಪ್ ಎಳೆಯೋಕೆ ಬಾರದ ಬೆರಳು, ತೊದಲು ಮಾತು, ಸುಮ್ಮನೆ ಸಿಡುಕು. ನಡುಕ ತಾನಾಗೇ ನಿಂತರೆ ಸುಧಾರಿಸಿದ ಅಂತಲ್ಲ, ಕೈಮೀರುತ್ತಿದೆ ಅಂತ. ಒದ್ದೆ ಬಟ್ಟೆ ಪೂರ್ತಿ ತೆಗೆದು, ಒಣ ಸ್ಲೀಪಿಂಗ್ ಬ್ಯಾಗ್, ಎಚ್ಚರ ಇದ್ದರೆ ಸಕ್ಕರೆ ಹಾಕಿದ ಬಿಸಿ ನೀರು. ಕೈಕಾಲು ಉಜ್ಜಬೇಡಿ, ಬ್ರಾಂದಿ ಅಂತೂ ಬೇಡವೇ ಬೇಡ.

ಇಲ್ಲೇ ನಮ್ಮ ಹಿರಿಯರ ವಿದ್ಯೆ ನೆನಪಾಗಬೇಕು. ಆಷಾಢದ ಮಳೆಯಲ್ಲಿ ಇಡೀ ದಿನ ನಾಟಿ ಮಾಡೋರು ಹತ್ತಿ ಬಟ್ಟೆಯನ್ನಲ್ಲ, ಕಂಬಳಿಕೊಪ್ಪೆಯನ್ನು ನಂಬಿದ್ದರು. ಉಣ್ಣೆ ನೆನೆದರೂ ಬಿಸಿ ಹಿಡಿಯುತ್ತೆ, ಹತ್ತಿ ನೆನೆದರೆ ಮೈಯ ಬಿಸಿಯನ್ನೇ ಹೀರುತ್ತೆ. ಹಾಗಿದ್ದೂ ಜೀನ್ಸ್, ಬನಿಯನ್, ಹತ್ತಿಯ ಟೀಶರ್ಟ್ ತುಂಬಿಕೊಂಡು ಹೋಗ್ತಾರಲ್ಲ! ಬೇಗ ಒಣಗೋ ಅಂಗಿ ಎರಡು, ಅದರ ಮೇಲೆ ಫ್ಲೀಸ್, ಕ್ಯಾಂಪಿಗೆ ದಪ್ಪ ಜಾಕೆಟ್, ಎಲ್ಲದರ ಮೇಲೆ ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟ್. ತಲೆಯ ಮೇಲಿಂದ ಹೊದೆಯೋ ಪಾಂಚೊ ಕಾಡಿನಲ್ಲಿ ಪರವಾಗಿಲ್ಲ, ಬಯಲ ಗಾಳಿಗೆ ಬಾವುಟ. ಹತ್ತುವಾಗ ಬೆವರದ ಹಾಗೆ ಒಂದು ಪದರ ಕಡಿಮೆ, ನಿಂತ ತಕ್ಷಣ ಒಂದು ಪದರ ಹೆಚ್ಚು. ಬ್ಯಾಗಿಗೆ ಹೊರಗಿನ ಕವರ್ ಸಾಲದು, ಬೆನ್ನಿನ ಕಡೆಯಿಂದ ನೀರು ಇಳಿಯುತ್ತೆ. ಒಳಗೆ ಗೊಬ್ಬರದ ಚೀಲದಲ್ಲಿ ಬರೋ ಅಂಥ ದಪ್ಪ ಪ್ಲಾಸ್ಟಿಕ್ ಹಾಕಿ ಬಾಯಿ ತಿರುಚಿ ಕಟ್ಟಿ. ಮಲಗೋ ಒಂದು ಜೊತೆ ಬಟ್ಟೆ, ಒಂದು ಜೊತೆ ಉಣ್ಣೆ ಕಾಲುಚೀಲ ಏನೇ ಆದರೂ ಹಗಲು ಬ್ಯಾಗಿನಿಂದ ಹೊರಗೆ ತೆಗೆಯಬಾರದು.

ಬೂಟು ಹೊಸದನ್ನು ತೊಟ್ಟು ಹೋಗಬೇಡಿ, ಒಂದು ತಿಂಗಳು ತೋಟಕ್ಕೆ ಅದರಲ್ಲೇ ಹೋಗಿ ಬನ್ನಿ. ಕಾಲುಗುರು ಹೊರಡೋ ಮುಂಚೆ ಕತ್ತರಿಸಿ, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತೆ. ಹಿಮ್ಮಡಿ ಬಿಸಿಯಾಯ್ತು ಅನ್ನಿಸಿದ ಕ್ಷಣವೇ ಟೇಪ್, ಗುಳ್ಳೆ ಬಂದ ಮೇಲಲ್ಲ.

ಊಟದ ಬಗ್ಗೆ: 2,900 ಮೀಟರ್‌ನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯ ಅನ್ನ ಅದಕ್ಕೇ ನಡುವೆ ಗಟ್ಟಿ ಉಳಿಯೋದು. ಅಡುಗೆಯವರನ್ನು ಬೈದು ಫಲವಿಲ್ಲ, ಕುಕ್ಕರ್ ಇದೆಯಾ ಅಂತ ಮೊದಲೇ ಕೇಳಿ. ಎತ್ತರಕ್ಕೆ ಹಸಿವು ಸಾಯುತ್ತೆ, ಕೆಲವರಿಗೆ ಸಿಹಿ ಸೇರಲ್ಲ, ಉಪ್ಪು–ಹುಳಿ ಸೇರುತ್ತೆ. ಸಣ್ಣ ಡಬ್ಬಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಒಗ್ಗರಣೆ ಹಾಕಿದ ಅವಲಕ್ಕಿ ಒಂದರ್ಧ ಕೆ.ಜಿ. ಒಯ್ದರೆ ನೀವೇ ಕ್ಯಾಂಪಿನ ರಾಜ. ನೀರು ದಿನಕ್ಕೆ ಮೂರರಿಂದ ನಾಲ್ಕು ಲೀಟರ್, ಬಾಯಾರಿಕೆಗೆ ಕಾಯದೆ. ಕವಳದ, ಅಂದರೆ ಎಲೆಅಡಿಕೆಯ ಅಭ್ಯಾಸ ಇರೋರಿಗೆ ಒಂದು ಮಾತು: ಹೊಗೆಸೊಪ್ಪು ಚಳಿಯಲ್ಲಿ ಬೆರಳಿನ ರಕ್ತನಾಳ ಬಿಗಿ ಮಾಡುತ್ತೆ, ಹಿಮದ ಮೇಲೆ ಉಗಿದ ಕೆಂಪು ಹಿಂದೆ ಬರೋರಿಗೆ ರಕ್ತದ ಹಾಗೆ ಕಾಣುತ್ತೆ.

ಯಾರ ಜೊತೆ ಹೋಗ್ತೀರೋ ಅವರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಆಮ್ಲಜನಕದ ಸಿಲಿಂಡರ್ ಕ್ಯಾಂಪಿನಲ್ಲಿ ಇರುತ್ತಾ, ಗೈಡ್ ಬೆನ್ನ ಮೇಲೆ ಬರುತ್ತಾ? ಒಬ್ಬನಿಗೆ ಹುಷಾರಿಲ್ಲ ಅಂದರೆ ಅವನ ಜೊತೆ ಯಾರು ಇಳಿಯುತ್ತಾರೆ, ಉಳಿದವರ ಜೊತೆ ಯಾರು ಇರುತ್ತಾರೆ? ತುದಿ ಮುಟ್ಟಿರಲಿ ಬಿಡಲಿ, ಎಷ್ಟು ಗಂಟೆಗೆ ಹಿಂದೆ ತಿರುಗುತ್ತೀರಿ? ಮೂರನೆಯದಕ್ಕೆ ಗಡಿಯಾರದ ಗಂಟೆ ಹೇಳಬೇಕು. "ಅಲ್ಲಿ ನೋಡ್ಕೊಂಡು ಹೇಳ್ತೀವಿ ಸಾರ್" ಅಂದರೆ ಅಡ್ವಾನ್ಸ್ ಕಳಿಸಬೇಡಿ.