ಪಥ್ಯಕ್ಕೊಂದು ಸ್ಕೂಪ್ ವೆನಿಲಾ

ಆ ಸುದ್ದಿ ಮತ್ತೆ ಬಂದಿದೆ. ಐಸ್‌ಕ್ರೀಮ್ ತಿಂದರೆ ಹೃದಯಕ್ಕೆ ಒಳ್ಳೆಯದಂತೆ! ಈ ಸಲ ನನಗೆ ಐದು ಜನ ಕಳಿಸಿದ್ದಾರೆ. ಐವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಅವರು ಮಾತ್ರ ಸುದ್ದಿಯ ಕೆಳಗೆ ಕೈಮುಗಿದ ಚಿತ್ರವನ್ನೂ ಅಂಟಿಸಿದ್ದಾರೆ. ಮುಗಿದದ್ದು ಯಾರಿಗೆ, ನನಗೋ ವಿಜ್ಞಾನಕ್ಕೋ, ತಿಳಿಯಲಿಲ್ಲ.

ಕಥೆ ನಿಮಗೆ ಗೊತ್ತಿರುವುದೇ. 2018ರಲ್ಲಿ ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿಯೊಬ್ಬರ ಲೆಕ್ಕದಲ್ಲಿ, ಮಧುಮೇಹಿಗಳ ಪೈಕಿ ದಿನಕ್ಕೆ ಅರ್ಧ ಕಪ್ ಐಸ್‌ಕ್ರೀಮ್ ತಿನ್ನುವವರಿಗೆ ಹೃದ್ರೋಗದ ಅಪಾಯ ಕಡಿಮೆ ಎಂದು ಕಂಡಿತು. ಕಂಡಿತು, ಅಷ್ಟೇ. ಡಾಕ್ಟರು ಗದರಿಸಿದವರು ಐಸ್‌ಕ್ರೀಮ್ ಬಿಟ್ಟಿರುತ್ತಾರೆ, ಗಟ್ಟಿಮುಟ್ಟಾಗಿದ್ದವರು ತಿನ್ನುತ್ತಲೇ ಇರುತ್ತಾರೆ; ಕೊನೆಗೆ ಎಣಿಸಿದರೆ ತಿಂದವರೇ ಗಟ್ಟಿ ಎಂದು ಬರಬಹುದು. ಊರುಗೋಲು ಹಿಡಿದವರೆಲ್ಲ ಕುಂಟುತ್ತಾರೆ, ಆದ್ದರಿಂದ ಊರುಗೋಲು ಕಾಲಿಗೆ ಕೆಟ್ಟದ್ದು ಎಂದ ಹಾಗೆ. ಆದರೆ ಇಷ್ಟೆಲ್ಲ ಬರೆದರೆ ಶೀರ್ಷಿಕೆಯಲ್ಲಿ ಹಿಡಿಸುವುದಿಲ್ಲವಲ್ಲ.

ಇರಲಿ, ಹೊಗಳುವ ಕಾಲದಲ್ಲಿ ಕೊಂಕು ಬೇಡ. 100 ಗ್ರಾಂ ವೆನಿಲಾದಲ್ಲಿ ಸುಮಾರು 130 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ! ಮೂರೂವರೆ ಗ್ರಾಂ ಪ್ರೋಟೀನ್ ಇದೆ! ಅಷ್ಟೇ ತೂಕದ ಹಾಲಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ ನಿಜ. ಆದರೆ ಹಾಲು ಜಿಪುಣ, 60 ಚಿಲ್ಲರೆ ಕ್ಯಾಲರಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಐಸ್‌ಕ್ರೀಮಿನದು ಕರ್ಣನ ಕೈ: 200 ದಾಟಿಸುತ್ತದೆ, ಮೇಲೆ 20 ಗ್ರಾಂಗೂ ಹೆಚ್ಚು ಸಕ್ಕರೆ, 11 ಗ್ರಾಂ ಕೊಬ್ಬು. ಕಬ್ಬಿಣದ ಅಂಶವೂ ಇದೆ, 0.1 ಮಿಲಿಗ್ರಾಂನಷ್ಟು. ಪಟ್ಟಿಯಲ್ಲಿ ಹೆಸರು ಬಂತಲ್ಲ, ಸಾಕು.

ಅಪ್ಪಟ ಆರೋಗ್ಯಕರ ಭಾಗ ಯಾವುದೆಂದರೆ ಗಾಳಿ. ಅದರಲ್ಲಿ ಕೊಬ್ಬಿಲ್ಲ, ಸಕ್ಕರೆಯಿಲ್ಲ. ಗಾಳಿ ಸೇರಿಸಿ ಕಡೆಯದಿದ್ದರೆ ಐಸ್‌ಕ್ರೀಮ್ ಕಲ್ಲಾಗುತ್ತದೆ; ಈ ಉಬ್ಬಿಗೆ ಕಸುಬಿನವರು ಓವರ್‌ರನ್ ಎನ್ನುತ್ತಾರೆ. ಓವರ್‌ರನ್ ಶೇ. 100 ಎಂದರೆ ಡಬ್ಬಿಯ ಅರ್ಧ ಗಾಳಿ ಎಂದರ್ಥ. ಅಂಥ ಲೀಟರ್ ಡಬ್ಬಿಯನ್ನು ತಕ್ಕಡಿಗೆ ಹಾಕಿ ನೋಡಿ, ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಉಳಿದದ್ದು ಪ್ರಾಣಾಯಾಮ.

ಗಾಳಿಯ ಮಾತು ಬಂದಾಗ ಪರಿಮಳದ ಮಾತೂ ಬರಬೇಕು. ವೆನಿಲಾ ಒಂದು ಆರ್ಕಿಡ್ ಬಳ್ಳಿಯ ಕೋಡು. ಮೆಕ್ಸಿಕೋದಿಂದ ದೂರದ ದ್ವೀಪಗಳಿಗೆ ಒಯ್ದ ಬಳ್ಳಿ ಹೂ ಬಿಡುತ್ತಿತ್ತೇ ಹೊರತು ಕಾಯಿ ಕಚ್ಚುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡರ ಗುಲಾಮ ಹುಡುಗ ಸಣ್ಣ ಕಡ್ಡಿಯೊಂದರಿಂದ ಪರಾಗ ಮುಟ್ಟಿಸುವ ಉಪಾಯ ತೋರಿಸಿಕೊಟ್ಟ. ತೋಟದವರು ಶ್ರೀಮಂತರಾದರು, ಅವನು ಬಡವನಾಗಿಯೇ ಸತ್ತ. ಅವನು ಬದುಕಿದ್ದಾಗಲೇ, 1874ರಲ್ಲಿ, ಜರ್ಮನಿಯ ರಸಾಯನ ವಿಜ್ಞಾನಿಗಳು ಹೂವಿನ ಹಂಗೇ ಇಲ್ಲದೆ ವೆನಿಲಿನ್ ಅನ್ನು, ಅಂದರೆ ವೆನಿಲಾಕ್ಕೆ ಆ ಪರಿಮಳ ಕೊಡುವ ವಸ್ತುವನ್ನೇ, ತಯಾರಿಸಿಬಿಟ್ಟರು. ಇಂದು ಜಗತ್ತಿನ ಬಹುಪಾಲು ವೆನಿಲಿನ್ ಕಾರ್ಖಾನೆಯದು, ಅದರಲ್ಲೂ ಹೆಚ್ಚಿನದು ಪೆಟ್ರೋಲಿಯಂ ಮೂಲದ್ದು. ಡಬ್ಬಿಯ ಮೇಲೆ ಮಾತ್ರ ಹೂವು ಅರಳಿಯೇ ಇರುತ್ತದೆ. ಒಳಗೆ ಆ ಹೂವು ಇಲ್ಲದಿದ್ದರೇನು, ಗೋರಿಕಾಯಿ ಇರಬಹುದು! ಪದಾರ್ಥಗಳ ಪಟ್ಟಿಯಲ್ಲಿ ಗ್ವಾರ್ ಗಮ್ ಎಂದು ಕಂಡರೆ ಅದು ಗೋರಿಕಾಯಿ ಬೀಜದ ಅಂಟು. ತಟ್ಟೆಯಲ್ಲಿ ಗೋರಿಕಾಯಿ ಕಂಡರೆ ಮೂತಿ ತಿರುಗಿಸುವ ಮಕ್ಕಳು ಇದನ್ನು ನೆಕ್ಕಿ ನೆಕ್ಕಿ ತಿನ್ನುತ್ತಾರೆ.

ಇನ್ನು 'ಒಂದು ಸರ್ವಿಂಗ್' ಎಂಬ ಮಹಾಮಾಯೆ, ಅಂದರೆ ಒಂದು ಸಲಕ್ಕೆ ತಿನ್ನುವುದು ಇಷ್ಟು ಎಂದು ಡಬ್ಬಿಯ ಮೇಲೆ ಬರೆಯುವ ಅಳತೆ. ಅಮೆರಿಕದಲ್ಲಿ ಅದು ವರ್ಷಗಟ್ಟಲೆ ಅರ್ಧ ಕಪ್ ಇತ್ತು. ಜನ ಅಷ್ಟಕ್ಕೆ ಚಮಚ ಕೆಳಗಿಡುವುದಿಲ್ಲ ಎಂಬ ಸತ್ಯ ಸರ್ಕಾರಕ್ಕೆ ಹೊಳೆದು, 2016ರ ನಿಯಮದಲ್ಲಿ ಅದನ್ನು ಕಪ್ಪಿನ ಮೂರನೇ ಎರಡು ಭಾಗಕ್ಕೆ ಏರಿಸಿತು. ಡಬ್ಬಿ ಹಿಡಿದು ಟಿವಿ ಮುಂದೆ ಕೂತವರನ್ನು ಆ ನಿಯಮವೂ ಮುಟ್ಟಿಲ್ಲ.

ನಗು ಇಲ್ಲಿಗೆ ಸಾಕು. ನನಗೆ ಸಿಟ್ಟಿರುವುದು ಐಸ್‌ಕ್ರೀಮ್ ಮೇಲಲ್ಲ. ಸಿಹಿ ಅದು, ಸಿಹಿ ಅಂತಲೇ ತಿನ್ನೋಣ, ಯಾರು ಬೇಡ ಎಂದರು? ಹಾಲಿನ ಕೊಬ್ಬು ತೆಗೆದು ತಾಳೆಣ್ಣೆ ಸುರಿದು, ಕಣ್ಣಿಗೆ ಕಾಣದ ಅಕ್ಷರದಲ್ಲಿ 'ಫ್ರೋಜನ್ ಡೆಸರ್ಟ್' ಎಂದು ಬರೆದು, ಊಟ ಬೇಡವೆಂದು ಹಟ ಮಾಡುವ ಮಗುವಿನ ತಾಯಿಗೆ 'ಕ್ಯಾಲ್ಸಿಯಂ ಇದೆ' ಎಂದು ದಾಟಿಸುತ್ತಾರಲ್ಲ, ಅದು ಮೋಸ. ಕ್ಯಾಲ್ಸಿಯಂ ಇರುವುದು ಸುಳ್ಳಲ್ಲ. ಅದಕ್ಕೇ ಮೈ ಉರಿಯುವುದು. ಸುಳ್ಳಾಗಿದ್ದರೆ ಹಿಡಿದು ಕೇಳಬಹುದಿತ್ತು.

ಸಕ್ಕರೆ ಕಾಯಿಲೆಯ ಗೆಳೆಯರಿಗೆ ಇದನ್ನೆಲ್ಲ ಉದ್ದಕ್ಕೆ ಬರೆದು ಕಳಿಸಿದೆ. ಓದಿದ ಗುರುತು ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಉತ್ತರವೂ ಬಂತು: "ಅದೆಲ್ಲ ಸರಿ ಸಾರ್, ಆ ಅರ್ಧ ಕಪ್ ಒತ್ತಿ ತುಂಬಿದ್ದೋ, ಸುಮ್ಮನೆ ಹಾಕಿದ್ದೋ?"