ನೆಗ್ಗಿದ ಕತ್ತಿನ ಕೇಸು

ಟೆಕ್ಸಾಸಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಲ್ಲುವುದಿಲ್ಲ. ಹಾರಿಸಿದ ರೈಫಲ್ ತೋಟಾಗಳ ಹಿತ್ತಾಳೆ ಕೇಸುಗಳನ್ನು ತೊಳೆದು, ತಿದ್ದಿ, ಕಿಡಿ ಹೊತ್ತಿಸುವ ಹೊಸ ಪ್ರೈಮರು, ಮದ್ದು, ಗುಂಡು ಸೇರಿಸಿ ಮತ್ತೆ ತೋಟಾ ಮಾಡುವ ನನ್ನ ರಿಲೋಡಿಂಗ್ ಮೇಜು ಆ ಜಾಗವನ್ನು ಆಕ್ರಮಿಸಿದೆ. ಹಣ ಉಳಿಸಲೆಂದು ಹಿಡಿದ ಹವ್ಯಾಸವಿದು. ಎಷ್ಟು ಉಳಿಯಿತೆಂದು ಹೆಂಡತಿ ಕೇಳುವುದನ್ನು ಈಗ ಬಿಟ್ಟಿದ್ದಾಳೆ.

ಕಳೆದ ಚಳಿಗಾಲದಲ್ಲಿ ನನ್ನ .308 ವಿಂಚೆಸ್ಟರ್ ಅಳತೆಯ ಕೇಸುಗಳೆಲ್ಲ, ಗುಂಡು ಕೂರುವ ಕಿರಿದಾದ ಕತ್ತನ್ನು ನೆಗ್ಗಿಸಿಕೊಳ್ಳತೊಡಗಿದವು. ತೊಳೆದು ಒಣಗಿಸಿ ನೋಡಿದರೆ, ಪ್ರತಿಯೊಂದರ ಬಾಯಂಚಿನ ಒಂದೇ ಪಕ್ಕದಲ್ಲಿ ಉಗುರಿನಿಂದ ಒತ್ತಿದಂಥ ತಗ್ಗು. ಕತ್ತಿನ ಗೋಡೆ ಅರ್ಧ ಮಿಲಿಮೀಟರಿಗಿಂತ ತೆಳು, ನಿಜ. ಆದರೂ ಒತ್ತಿದವರು ಯಾರು?

ಮೊದಲ ಆರೋಪಿ, ಉಕ್ಕಿನ ಸಣ್ಣ ಕಡ್ಡಿಗಳ ಜೊತೆ ಕೇಸುಗಳನ್ನು ಸೋಪಿನ ನೀರಿನಲ್ಲಿ ಉರುಳಿಸುವ ಟಂಬ್ಲರ್. ಮೂರು ಗಂಟೆಯ ಸ್ನಾನವನ್ನು ಒಂದಕ್ಕಿಳಿಸಿದೆ, ತಗ್ಗು ಹೋಗಲಿಲ್ಲ. ಕೇಸುಗಳು ಪರಸ್ಪರ ಬಡಿದುಕೊಂಡರೆ ಬಾಯಂಚು ಸುತ್ತಲೂ ಜಜ್ಜುತ್ತದೆಯೇ ಹೊರತು ಒಂದೇ ಪಕ್ಕ ನೆಗ್ಗುವುದಿಲ್ಲವೆಂಬ ಜ್ಞಾನೋದಯ, ಟಂಬ್ಲರಿಗೆಂದು ಹೊಸ ಡ್ರಮ್ಮು ಮನೆಗೆ ಬಂದ ಮರುದಿನ ಆಯಿತು. ಎರಡನೆಯ ಆರೋಪಿ, ಹಾರಿಸಿದಾಗ ಹಿಗ್ಗಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು, ಸೈಜಿಂಗ್ ಡೈ. ಕೇಸಿಗೆ ಸವರುವ ಜಿಡ್ಡು ಹೆಚ್ಚಾದರೆ ಅದು ಕತ್ತಿನ ಕೆಳಗಿನ ಇಳಿಜಾರಾದ ಭುಜದ ಮೇಲೆ ತಗ್ಗು ಮಾಡುತ್ತದೆ, ಕತ್ತಿನ ಬಾಯಲ್ಲಲ್ಲ. ಅಲ್ಲದೆ ಈ ಕೇಸುಗಳು ಇನ್ನೂ ಡೈಯ ಮುಖವನ್ನೇ ಕಂಡಿರಲಿಲ್ಲವೆಂಬುದು, ಅದನ್ನು ಪೂರ್ತಿ ಬಿಚ್ಚಿ ಹರಡಿಕೊಂಡ ಮೇಲೆ ಹೊಳೆಯಿತು.

ಆಮೇಲೆ ಇತಿಹಾಸ ಓದಿದೆ. ಬ್ರಿಟಿಷರ ಕಾಲದ ಭಾರತದಲ್ಲಿ, ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ತೋಟಾಗಳ ಹಿತ್ತಾಳೆ ತಾನಾಗಿ ಸೀಳುತ್ತಿತ್ತಂತೆ; ಗಂಜಲದ ಅಮೋನಿಯಾವೇ ಕಾರಣವೆಂದು 1921ರಲ್ಲಿ ಬಿಡಿಸಿ ಹೇಳಿದರು. ನನ್ನದು ಸೀಳಲ್ಲ, ತಗ್ಗು. ನಮ್ಮಲ್ಲಿ ಕುದುರೆಯೂ ಇಲ್ಲ. ಆದರೂ ಅಮೋನಿಯಾ ಬೆರೆತ ಗಾಜು ಒರೆಸುವ ದ್ರಾವಣವನ್ನು ಗ್ಯಾರೇಜಿನಿಂದ ಗಡೀಪಾರು ಮಾಡಿದೆ.

ಹಾಸನದಿಂದ ಬಂದಿದ್ದ ಅಮ್ಮ ಇದನ್ನೆಲ್ಲ ನೋಡುತ್ತಿದ್ದವರು ಕೇಳಿದರು: “ತೊಳೆಯೋಕೆ ಹಾಕೋ ಮುಂಚೆ ನೋಡಿದ್ಯೇನೋ?”

ಕೆಲಸದಾಕೆಗೆ ಕೊಡುವ ಮುನ್ನ ಪ್ರತಿ ಪಾತ್ರೆಯನ್ನೂ ತಿರುಗಿಸಿ ನೋಡುತ್ತಿದ್ದ ಹೆಂಗಸು ಅವರು. ಯಾರ ಕೈಯಲ್ಲಿ ನೆಗ್ಗಿತೆಂಬ ವಿಷಯದಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು. ನಾನಾದರೋ ಶೂಟಿಂಗ್ ರೇಂಜಿನಲ್ಲಿ ಕೇಸುಗಳನ್ನು ಆರಿಸಿ ನೇರವಾಗಿ ಚೀಲಕ್ಕೆ ತುಂಬುತ್ತಿದ್ದವನು. ಮುಂದಿನ ಶನಿವಾರ, ರೈಫಲ್ಲಿನಿಂದ ಚಿಮ್ಮಿ ಬಿದ್ದ ಮೊದಲ ಕೇಸನ್ನು ಬಿಸಿಯಿರುವಾಗಲೇ ಎತ್ತಿ ನೋಡಿದೆ. ತಗ್ಗು ಆಗಲೇ ಇತ್ತು! ದೀಪಾವಳಿಯ ರಿಯಾಯಿತಿಗೆ ಮರುಳಾಗಿ ರೈಫಲ್ಲಿನ ಮೇಲೆ ಕೂರಿಸಿದ್ದ, ಗುರಿ ನೋಡುವ ಹೊಸ ದುರ್ಬೀನು ಸ್ಕೋಪಿನ ಬಲಬದಿಯ ದಪ್ಪ ತಿರುಗುಗುಂಡಿಯ ಮೇಲೆ ಹಿತ್ತಾಳೆಯ ಹಳದಿ ಗೀರುಗಳು ಸಾಲಾಗಿದ್ದವು. ಹೊರಗೆಸೆಯಲ್ಪಟ್ಟ ಕೇಸು ಪ್ರತಿ ಬಾರಿಯೂ ಅದಕ್ಕೆ ಕತ್ತು ಕೊಟ್ಟು ಹೋಗುತ್ತಿತ್ತು. ಇಷ್ಟು ಸಣ್ಣ ತಗ್ಗನ್ನು ಡೈಯೊಳಗೆ ಕತ್ತನ್ನು ಒಳಗಿನಿಂದ ಹಿಗ್ಗಿಸುವ ಗುಂಡನೆಯ ಎಕ್ಸ್‌ಪ್ಯಾಂಡರ್ ತಾನಾಗಿಯೇ ಸರಿಪಡಿಸುತ್ತದೆ. ಅಂದರೆ ನಾನು ಕಟಕಟೆ ಹತ್ತಿಸಿದ್ದು ವೈದ್ಯನನ್ನು.

ಅಮ್ಮನ ಕೆಟ್ಟುಹೋದ ಬಿ.ಪಿ. ಯಂತ್ರದ ಪಟ್ಟಿಯಿಂದ ವೆಲ್‌ಕ್ರೋದ ಮೆತ್ತನೆಯ ಭಾಗವನ್ನು ಕತ್ತರಿಸಿ ಗುಂಡಿಗೆ ಅಂಟಿಸಿದೆ. ಮರುವಾರ 20 ಕೇಸುಗಳ ಕತ್ತೂ ದುಂಡಗಿದ್ದವು, ಒಂದು ಮಾತ್ರ ಉದ್ದಕ್ಕೆ ಸೀಳಿತ್ತು.

“ಇದೂ ಆ ಗುಂಡಿ ಕೆಲಸವೇನೋ?” ಎಂದರು ಅಮ್ಮ.

ಹಿಗ್ಗಿ ಕುಗ್ಗಿ ಹಿತ್ತಾಳೆ ಪೆಡಸಾಗುತ್ತದೆ, ಆಗಾಗ ಕತ್ತನ್ನು ಕಾಯಿಸಿ ಮೆದುಗೊಳಿಸಬೇಕು, ಎಂಟು ಬಾರಿ ತುಂಬಿದರೂ ನಾನು ಕಾಯಿಸಿರಲಿಲ್ಲ ಎಂದು ವಿವರಿಸಿದೆ.

“ಹಾಗಾದ್ರೆ ಇದು ನಿಂದೇ,” ಎಂದು ಅವರು ಒಳಗೆ ಹೋದರು.